ಹುಲಿಯೂರುದುರ್ಗದಲ್ಲಿ ತೆರೆಯದ ನಕ್ಷೆ

ಸದಾಶಿವನಗರದ ಶ್ರೀವಾಣಿ ಮನೆಗಳ ನಕ್ಷೆ ಬರೆಯುವವಳು. ಹಳೆಯ ಭಾರದ ಲ್ಯಾಪ್‌ಟಾಪ್ ಹೊತ್ತು ಹೊತ್ತು ಅವಳ ಭುಜ ಹಿಡಿದುಕೊಂಡಿತ್ತು. ಅದನ್ನು ನೋಡಿ ಮೈದುನ ಕಿಟ್ಟು, ತಾನು ಹೊಸದಾಗಿ ಕೊಂಡಿದ್ದ ತೆಳ್ಳನೆಯ ಲ್ಯಾಪ್‌ಟಾಪನ್ನು ತಂದು ಅವಳ ಮುಂದಿಟ್ಟ.

"ಇದ್ರಲ್ಲಿ ಬ್ರೌಸರ್ ಬಿಟ್ರೆ ಬೇರೇನೂ ಇಲ್ಲ ಅತ್ತಿಗೆ. ಎಲ್ಲಾ ಇಂಟರ್ನೆಟ್ಟಲ್ಲೇ. ನಾಳೆ ಹುಲಿಯೂರುದುರ್ಗಕ್ಕೆ ಹೋಗ್ತಿದೀರಲ್ಲ, ಒಂದ್ಸಲ ತಗೊಂಡ್ಹೋಗಿ ನೋಡಿ."

ಶ್ರೀವಾಣಿ ಅದನ್ನು ಎರಡು ಬೆರಳಲ್ಲಿ ಎತ್ತಿದಳು. "ಒಳಗೆ ಏನೂ ಇಲ್ದಿದ್ರೆ ಹಗುರವಾಗೇ ಇರುತ್ತೆ, ಬಿಡು."

"ಅಲ್ಲಿ ತೋರಿಸೋ ಮನೆ ನಕ್ಷೆ ಮಾತ್ರ ಇವತ್ತೇ ಇದ್ರೊಳಗೆ ಇಳಿಸ್ಕೊಳ್ಳಿ. ಅಲ್ಲಿ ಸಿಗ್ನಲ್ ಸರಿಯಾಗಿ ಸಿಗಲ್ಲ."

ಅವಳು ಹೂಂ ಅಂದಳು, ಇಳಿಸಿಕೊಳ್ಳಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೂತು ಗಾಜು ಅಂಟಿಸುವ ಹುಡುಗ ತನಗೆ ಕಂಪ್ಯೂಟರ್ ಪಾಠ ಹೇಳುವುದೇ? ಈ ಡಬ್ಬ ನಾಳೆ ಕೈಕೊಟ್ಟರೆ ಅವನ ಬಾಯಿ ಮುಚ್ಚುತ್ತದೆ ಎಂದು ಅವಳಿಗೆ ಒಳಗೊಳಗೇ ಆಸೆಯೂ ಇತ್ತು.

ಕುಣಿಗಲ್‌ವರೆಗೆ ಬಸ್ಸಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. ಫೋನಿನಿಂದ ಇಂಟರ್ನೆಟ್ ಕೊಟ್ಟು ಮೂರ್ನಾಲ್ಕು ಇಮೇಲ್ ಬರೆದಳು. ತೊಡೆಯ ಮೇಲೆ ಭಾರವೇ ಗೊತ್ತಾಗಲಿಲ್ಲ. ಅದು ಅವಳಿಗೆ ಹಿಡಿಸಲಿಲ್ಲ. ಕೀಲಿಗಳು ಆಟದ ಸಾಮಾನಿನ ಹಾಗಿವೆ ಅನ್ನಿಸಿತು.

ಹುಲಿಯೂರುದುರ್ಗದಲ್ಲಿ ಬೆಟ್ಟದ ಬುಡಕ್ಕೆ ಶಿವಮೂರ್ತಿಯ ಹಳೇ ಮನೆ. ಅದರ ಪಕ್ಕದ ಜಾಗದಲ್ಲಿ ಅವನೂ ಅವನ ಹೆಂಡತಿ ಶೃತಿಯೂ ಹೊಸ ಮನೆ ಕಟ್ಟಿಸಬೇಕೆಂದಿದ್ದರು. ಅವನು ಮೇಷ್ಟ್ರು, ಅವಳು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದಳು. ಜಗುಲಿಯಲ್ಲಿ ಚಾಪೆ ಹಾಸಿ ಇಬ್ಬರೂ ಕಾದು ಕೂತಿದ್ದರು. ಶ್ರೀವಾಣಿ ಲ್ಯಾಪ್‌ಟಾಪ್ ತೆರೆದಳು. ಬಿಳಿ ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಸುತ್ತುತ್ತಲೇ ಇತ್ತು.

ಅವಳಿಗೆ ಖುಷಿಯಾಯಿತು.

"ನೋಡಿ, ಇದೇ ನನ್ನ ಮೈದುನನ ಬುದ್ಧಿವಂತಿಕೆ," ಎಂದು ಶುರುಮಾಡಿದಳು. ಕಿಟ್ಟುವಿನ ಅಂಗಡಿ, ಅವನ ಅರ್ಧಂಬರ್ಧ ಓದು, ಅವನು ಹೇಳಿದ್ದನ್ನೆಲ್ಲ ನಂಬಿ ಸಾಮಾನು ಕೊಳ್ಳುವ ಪೆದ್ದರು, ಎಲ್ಲವನ್ನೂ ಹೇಳಿದಳು. ಶಿವಮೂರ್ತಿ ಮೊದಲು ನಕ್ಕ. ಆಮೇಲೆ ಅಂಗಳದ ಕಡೆ ನೋಡುತ್ತಾ ಕೂತ.

"ಸಿಗ್ನಲ್ ಇರಲ್ಲ ಅಂತ ಅವ್ರು ಮೊದ್ಲೇ ಏನೂ ಹೇಳಿರ್ಲಿಲ್ವಾ ಮೇಡಂ?" ಶೃತಿ ಕೇಳಿದಳು.

"ಹೇಳಿದ್ದ. ಅವನ ಮಾತು ಯಾರು ಕೇಳ್ತಾರೆ?"

ಶಿವಮೂರ್ತಿ ಎದ್ದು, "ಬಸ್ ಸ್ಟ್ಯಾಂಡತ್ರ ಸಿಗ್ತದೆ, ಬನ್ನಿ ಅಲ್ಲೇ ನೋಡವ," ಎಂದ. ಮೂವರೂ ನಡೆದು ಹೋಗಿ ಹೋಟೆಲಿನ ಒಂದು ಮೇಜಿನ ಮುಂದೆ ಕೂತು ಕಾಫಿ ಹೇಳಿದರು. ಒಂದು ನಿಮಿಷದೊಳಗೆ ನಕ್ಷೆ ಬಣ್ಣಬಣ್ಣವಾಗಿ ತೆರೆದುಕೊಂಡಿತು. ಶೃತಿ ಬಗ್ಗಿ ನೋಡಿದಳು.

"ಅಡುಗೆಮನೆ ಎಲ್ಲೈತೆ?"

"ಇಲ್ಲಿ ಮುಂದೆ, ಹಾಲ್‌ಗೆ ಸೇರಿಸಿದೀನಿ. ಈಗೆಲ್ಲಾ ಹಿಂಗೇ ಮಾಡ್ತಾರೆ."

"ನಾನು ಹಿತ್ಲ ಕಡೆ ಕೇಳಿದ್ದೆ. ಒಲೆ ಮುಂದೆ ನಿಂತ್ರೆ ಹಸ ಕಾಣ್ಬೇಕು ಅಂತ. ಫೋನಲ್ಲೂ ಹೇಳ್ದೆ, ನೀವು ಜಾಗ ನೋಡೋಕೆ ಬಂದಾಗ್ಲೂ ಹೇಳ್ದೆ."

ಶ್ರೀವಾಣಿಗೆ ನೆನಪಿತ್ತು. ಕೇಳಿಸಿಕೊಂಡಾಗಲೇ, ಕಟ್ಟಿದ ಮೇಲೆ ಯಾವುದು ಚೆನ್ನ ಅಂತ ಇವರಿಗೇ ಗೊತ್ತಾಗುತ್ತದೆ ಅಂದುಕೊಂಡಿದ್ದಳು. "ದನ ನೋಡ್ಕೊಂಡು ಅಡುಗೆ ಮಾಡೋಕೆ ಯಾರಾದ್ರೂ ಹೊಸ ಮನೆ ಕಟ್ತಾರಾ?" ಎಂದಳು.

ಶೃತಿ ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದು ಮುಗಿಸಿದಳು. "ನಾವು ಕಟ್ತೀವಿ," ಎಂದು ಗಂಡನ ಕಡೆ ನೋಡಿದಳು. ಫೋನ್ ಮಾಡ್ತೀವಿ ಮೇಡಂ ಎಂದು ಶಿವಮೂರ್ತಿ ಶ್ರೀವಾಣಿಯನ್ನು ಕುಣಿಗಲ್ ಬಸ್ಸಿಗೆ ಹತ್ತಿಸಿದ.

ಫೋನ್ ಬಂದದ್ದು ಮುಂದಿನ ವಾರ. ಕುಣಿಗಲ್ಲಿನ ಒಬ್ಬ ಎಂಜಿನಿಯರಿಗೆ ಕೆಲಸ ಒಪ್ಪಿಸಿದ್ದರು. "ಬೇಜಾರ್ ಮಾಡ್ಕೋಬೇಡಿ ಮೇಡಂ," ಎಂದ ಶಿವಮೂರ್ತಿ, "ನಮ್ ಮನೆಯೋರು ಹೇಳ್ದಂಗೇ ಆ ಎಂಜಿನಿಯರು ಬರ್ಕೊಟ್ರು."

ಅವತ್ತು ಊಟಕ್ಕೆ ಕೂತಾಗ ಶ್ರೀವಾಣಿ, ಕಿಟ್ಟುವಿನ ಡಬ್ಬದಿಂದ ಒಂದು ಮನೆಯ ಕೆಲಸವೇ ಕೈತಪ್ಪಿತು ಎಂದು ಎಲ್ಲರೆದುರು ಹೇಳಿದಳು. ಕಿಟ್ಟು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ.

"ಸಾರಿ ಅತ್ತಿಗೆ. ನಾನು ಕೊಡಬಾರ್ದಿತ್ತು."

ಅವಳ ಮಾತನ್ನು ಅವನು ನಿಜವೆಂದೇ ನಂಬಿದ್ದ. ಶ್ರೀವಾಣಿ ಅನ್ನಕ್ಕೆ ಸಾರು ಬಡಿಸಿಕೊಂಡು, "ಹೋಗ್ಲಿ ಬಿಡು," ಎಂದು ಅವನನ್ನು ಕ್ಷಮಿಸಿದಳು.