ಕೇತೇಗೌಡನ ಕೊರಳಲ್ಲಿ

ನಾನು ಒಂದು ದುರ್ಬೀನು. ಕಾರ್ಖಾನೆಯಲ್ಲಿ ನನ್ನ ಎರಡು ಕೊಳವೆಗಳಿಗೆ ಗಾಜು ಕೂರಿಸಿದ ದಿನ ಮೊದಲು ಕಂಡದ್ದು ಎದುರು ಗೋಡೆಯ ಒಂದು ಬಿರುಕು. ಜಗತ್ತು ಅಷ್ಟೇ ಎಂದುಕೊಂಡೆ.

ಮೈಸೂರಿನ ನರಹರಿ ಮೇಷ್ಟ್ರು ನನ್ನನ್ನು ಕೊಂಡು ಬೆಟ್ಟದ ಕಾಡಿಗೆ ಕರೆದೊಯ್ದರು. ರಜೆ ಬಂದರೆ ನಾವು ಅಲ್ಲೇ. ದೂರ ಕರಗಿ, ಎಲೆಯ ನರಗಳು, ಹಕ್ಕಿಯ ಕಣ್ಣ ಸುತ್ತಲಿನ ಉಂಗುರ ನನ್ನೊಳಗೆ ಬಂದು ನಿಲ್ಲುತ್ತಿದ್ದವು. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಕಾಡಿನ ಗೇಟಿಗೆ ತಂದು, ಪ್ರವಾಸಿಗರಿಗೆ ದಾರಿ ತೋರಿಸುವ ಸೋಲಿಗರ ಕೇತೇಗೌಡನಿಗೆ ಕೊಟ್ಟರು.

“ಮನೇಲಿದ್ರೆ ನನ್ನೇ ನೋಡ್ತಿರುತ್ತೆ,” ಎಂದರು. “ಬೇರೆ ಯಾರ ಕೈಗೂ ಕೊಡಬೇಡಿ.”

ಆ ಮಾತನ್ನು ಅವನು ಹನ್ನೊಂದು ವರ್ಷ ಪಾಲಿಸಿದ. ಹಗಲೆಲ್ಲ ಅವನ ಎದೆಯ ಮೇಲೆ ತೂಗುತ್ತಿದ್ದೆ, ಸಂಜೆ ಚರ್ಮದ ಚೀಲದಲ್ಲಿ ಮಲಗುತ್ತಿದ್ದೆ. ಚೀಲದೊಳಗೂ ಕಾಡಿನ ತೇವ. ಗಾಜಿನ ಒಳಮೈಯಲ್ಲಿ ಬೂಷ್ಟು ಬಿಳಿ ಬಲೆ ನೇಯಿತು. ಮರಗಳು ಮಂಜಾದವು. ಕನಸಿರಬೇಕೆಂದು ನಾನು ಸುಮ್ಮನಿದ್ದೆ.

ದೂರದ್ದನ್ನೆಲ್ಲ ನನ್ನ ಮೂಲಕವೇ ನೋಡಿ ರೂಢಿಯಾಗಿದ್ದ ಕೇತೇಗೌಡ ಹೆದರಿದ. ತನ್ನ ಕಣ್ಣೇ ಹೋಗುತ್ತಿದೆ ಎಂದುಕೊಂಡ. ತಲೆ ತಗ್ಗಿಸಿ, ಕಾಲುದಾರಿಯನ್ನಷ್ಟೇ ನೋಡುತ್ತ ನಡೆಯತೊಡಗಿದ. ಕಾಣದವನು ಆನೆ ಓಡಾಡುವ ಜಾಗದಲ್ಲಿ ಜನರನ್ನು ನಡೆಸಬಾರದು. ಕೆಲಸ ಬಿಡುವುದಾಗಿ ರೇಂಜರ್‌ಗೆ ಹೇಳಿಬಂದ.

ಕೊನೆಯ ದಿನ ಬಂದವರು ನಿವೃತ್ತ ಟೀಚರ್ ವಿಮಲಾಕ್ಷಿ ಮತ್ತು ಅವರ ಮೂವರು ಗೆಳತಿಯರು. ವೀಕ್ಷಣಾ ಗೋಪುರದ ಮೇಲೆ ಕೇತೇಗೌಡ ನನ್ನನ್ನು ಕೊರಳಿಂದ ತೆಗೆದ.

“ತಕಳಿ ಅಮ್ಮಾ, ನೀವೇ ನೋಡಿ. ನಂಗೆ ಕಣ್ಣು ಮಂಜಾಗ್ಯದೆ. ನಾಳೆಯಿಂದ ನಾ ಬರಲ್ಲ.”

ಟೀಚರ್ ನನ್ನನ್ನು ಕೊರಳಿಗೆ ಹಾಕಿಕೊಂಡು ಕಣ್ಣಿಗಿಟ್ಟರು. ಸೆರಗಿನಿಂದ ಒರೆಸಿ ಮತ್ತೆ ಇಟ್ಟರು.

“ಇದೇನಪ್ಪಾ, ಮಜ್ಜಿಗೆ ಒಳಗೆ ಇಣುಕಿದಂಗಿದೆ!”

“ನಿಂಗೂ ಪೊರೆ ಬಂತೇನೇ?” ಎಂದು ಒಬ್ಬ ಗೆಳತಿ ಕಿಚಾಯಿಸಿದರು.

“ಸುಮ್ನಿರೇ, ಹೋದ ತಿಂಗಳು ತಾನೇ ತೆಗೆಸಿದೀನಿ. ಗೌಡ್ರೇ, ಪೊರೆ ಬಂದಿರೋದು ಇದಕ್ಕೆ, ನಿಮಗಲ್ಲ! ಬರಿಗಣ್ಣಲ್ಲಿ ನೋಡಿ ಹೇಳಿ, ಎದುರು ಗುಡ್ಡದಲ್ಲಿ ಏನಿದೆ?”

ಕೇತೇಗೌಡ ಅಳುಕುತ್ತ ತಲೆಯೆತ್ತಿದ. ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದ.

“ಒಣಗಿದ ಮತ್ತಿಮರ… ಮೇಲಿನ ಕೊಂಬೇಲಿ ಮಂಗಟ್ಟೆ ಹಕ್ಕಿ. ಎರಡವೆ. ಒಂದು ಕೊಕ್ಕು ಉಜ್ಜತಾ ಅದೆ.”

ನಾಲ್ವರೂ ಕಣ್ಣು ಕಿರಿದು ಮಾಡಿದರು. ಅವರಿಗೆ ಮರವೇ ಸಿಗಲಿಲ್ಲ. ಅಷ್ಟರಲ್ಲಿ ಎರಡೂ ಹಕ್ಕಿಗಳು ಹಾರಿ, ರೆಕ್ಕೆಗಳು ಭುಸುಗುಡುತ್ತಿರಲು, ಗೋಪುರದ ಮೇಲೆಯೇ ಹಾದುಹೋದವು.

ಕೇತೇಗೌಡ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ರೇಂಜರ್ ಹೊರಡುವ ಮುಂಚೆ ಅವರನ್ನು ಹಿಡಿದು, ಕೆಲಸ ಬಿಡುವುದಿಲ್ಲ ಎನ್ನಬೇಕಿತ್ತು. ನಾನು ಟೀಚರ್ ಕೊರಳಲ್ಲೇ ಉಳಿದೆ.

ಅವರು ಹೋಗುವಾಗ ನನ್ನನ್ನು ಗೇಟಿನಲ್ಲಿ ಒಪ್ಪಿಸಿದರು; ಈಗ ಅಲ್ಲಿನ ಮಾಹಿತಿ ಕೇಂದ್ರದ ಕಿಟಕಿಯ ಪಕ್ಕ, ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಎಲೆ ಬೇರೆ, ಹಕ್ಕಿ ಬೇರೆ ಎಂದು ತೋರುವುದಿಲ್ಲ. ಎಲ್ಲವೂ ಒಂದೇ ಹಸಿರು ಬೆಳಕು. ಬೆಳಿಗ್ಗೆ ಆ ಬೆಳಕಿನಲ್ಲಿ ಒಂದು ಆಕಾರ, ತಲೆಯೆತ್ತಿ, ಜನರ ಮುಂದೆ ನಡೆದುಹೋಗುತ್ತದೆ. ಎಲ್ಲವನ್ನೂ ಹತ್ತಿರಕ್ಕೆ ತರುವುದಷ್ಟೇ ನನಗೆ ಗೊತ್ತಿತ್ತು. ದೂರದ್ದು ದೂರದಲ್ಲೇ ಇದ್ದರೂ ಕಾಣುತ್ತದೆ ಎಂಬುದು ತಡವಾಗಿ ತಿಳಿಯಿತು.