ಗೌತಮ ಅಂದ್ರ ಯಾರು

೧೯೯೪ನೇ ಇಸವಿ ಜುಲೈ ಎಂಟು, ಶುಕ್ರವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ಅಂಬಪ್ಪ ಮಾಸ್ತರ ಮಸ್ಕಿಯ ಬಸ್ಸಿಳಿದು ಲಿಂಗಸುಗೂರಿನ ಗುರುಗುಂಟಾ ರಸ್ತೆಯಲ್ಲಿದ್ದ ಪುಟ್ಟ ಶಾಲೆಯ ಗೇಟಿಗೆ ಕೈ ಹಾಕಿದ್ದ. ಕಟ್ಟೆಯ ಮೇಲೆ ಅವನ ಮಗ, ಏಳು ವರ್ಷದ ಗೌತಮ, ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತ ಕುಳಿತಿದ್ದ. ಶಾಲೆ ನಡೆಸುವ ಅಮರಗುಂಡಪ್ಪ ಒಳಗಿನಿಂದ ಬಂದು, ಏನೂ ಮಾತಾಡದೆ, ನೀರಿನ ತಂಬಿಗೆಯನ್ನು ಹುಡುಗನ ಪಕ್ಕದಲ್ಲಿಟ್ಟ. ಹುಡುಗ ತಲೆಯೆತ್ತಿ ಅವನ ಮುಖ ನೋಡಿ, "ಯಪ್ಪಾ" ಎಂದ.

ಅಂಬಪ್ಪನ ಕೈ ಚಿಲಕದ ಮೇಲೆಯೇ ನಿಂತಿತು.

ಗೌತಮನಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಹೇಳಿದ್ದನ್ನು ಹೇಳಿದಂತೆಯೇ ಹಿಂದಕ್ಕೆ ಕೊಡುತ್ತಿದ್ದ. ಅಂಬಪ್ಪ ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಒಂಬತ್ತನೆಯ ತರಗತಿಗೆ ಪ್ರತಿಧ್ವನಿಯ ಪಾಠ ಮಾಡುವಾಗಲೆಲ್ಲ ಅವನಿಗೆ ಮಗನ ನೆನಪಾಗುತ್ತಿತ್ತು. ಆದರೆ ಈಗ ಅಮರಗುಂಡಪ್ಪ ಬಾಯಿಯನ್ನೇ ತೆರೆದಿರಲಿಲ್ಲ. ಧ್ವನಿಯೇ ಇಲ್ಲದೆ ಪ್ರತಿಧ್ವನಿ ಎಲ್ಲಿಂದ ಬಂತು? ಹುಡುಗ ತಾನಾಗಿಯೇ ಅಪ್ಪ ಎಂದು ಕರೆದಿದ್ದ. ಕರೆಯಬಾರದವನನ್ನು ಕರೆದಿದ್ದ.

ಅಷ್ಟರಲ್ಲಿ ಗೌತಮ ಗೇಟಿನಲ್ಲಿದ್ದ ಅಪ್ಪನನ್ನು ನೋಡಿದ. ಎಂದಿನಂತೆ ತನ್ನ ಹೆಸರನ್ನೇ ಹೇಳಿದ: "ಗೌತಮ."

"ಕೇಳಿದ್ರೇನ್ರಿ ಸರ?" ಅಮರಗುಂಡಪ್ಪನ ಮುಖ ಅರಳಿತ್ತು. "ಎಂಟು ದಿನದಿಂದ ಹಿಂಗ. ನಾ ಎದುರಿಗೆ ಬಂದ್ರ ಸಾಕು, ಯಪ್ಪಾ ಅಂತಾನ!"

"ಹೌದ್ರಿ. ಕೇಳಿದೆ," ಎಂದ ಅಂಬಪ್ಪ.

ಮನೆಯಲ್ಲಿ ಹೆಂಡತಿ ಬಸ್ಸಮ್ಮ ಆಸ್ಪತ್ರೆಯಿಂದ ಆಗಷ್ಟೇ ಬಂದು ನರ್ಸಿನ ಸೀರೆ ಬದಲಿಸುತ್ತಿದ್ದಳು. ಸುದ್ದಿ ಕೇಳಿ ಅವಳಿಗೆ ಕಣ್ಣು ತುಂಬಿ ಬಂತು.

"ಖರೇನಾ? ಯಪ್ಪಾ ಅಂದ್ನಾ? ನೀವ್ಯಾಕ ಹಿಂಗ ಬೇವು ತಿಂದೋರಂಗ ನಿಂತೀರಿ?"

"ಅಂದಿದ್ದು ನನಗಲ್ಲ."

"ಯಾರಿಗರೆ ಅನ್ಲಿ. ಬಾಯಿಲೆ ಬಂತಲ್ಲ! ಮಾತು ಬಂದಿದ್ದಕ್ಕ ಖುಷಿ ಇಲ್ಲ ನಿಮಗ, ಯಾರ ಪಾಲಿಗೆ ಬಂತು ಅನ್ನೋದ ಲೆಕ್ಕ."

ಹೊಸ್ತಿಲಲ್ಲಿ ಕುಳಿತಿದ್ದ ಗೌತಮ ತಾಯಿಯ ಸೆರಗು ಜಗ್ಗಿ, "ಉಣ್ಣಬಾ" ಎಂದ. ಹಸಿವಾಗಲಿ, ಬಿಡಲಿ, ಅವಳನ್ನು ಕಂಡರೆ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಬಸ್ಸಮ್ಮ "ಓ" ಎಂದಳು.

"ಅದು ಕರಿಯೋದಲ್ಲ, ಬಸ್ಸಮ್ಮಾ. ನೀ ಹೇಳಿದ್ದನ್ನ ನಿನಗ ವಾಪಸ್ ಕೊಡ್ತಾನ. ಪ್ರತಿಧ್ವನಿ."

"ಪ್ರತಿಧ್ವನಿಗೆ ಓ ಅಂದ್ರ ನಿಮ್ಮ ವಿಜ್ಞಾನ ಕೆಡತೈತೇನು?"

ಅಂದಿನಿಂದ ಅಂಬಪ್ಪನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಅಮರಗುಂಡಪ್ಪನಲ್ಲಿ ಒಂದೊಂದೂ ತಪ್ಪಾಗಿ ಕಾಣತೊಡಗಿತು. ಇಸ್ತ್ರಿಯಿಲ್ಲದ ಅಂಗಿ. ಶ್ರುತಿ ಸೇರದ ಹಾಡು. ಸಿಕಂದರಾಬಾದಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಂದು ವರ್ಷದ ತರಬೇತಿ ಮಾಡಿ ಬಂದವನಂತೆ, ಅಷ್ಟೇ; ಡಿಗ್ರಿಯಿಲ್ಲ. ಊರಿನವರೋ ಆ ಶಾಲೆಯನ್ನು "ಅಮರಗುಂಡಪ್ಪನ ಸಾಲಿ" ಎನ್ನುತ್ತಿದ್ದರು. ಅದಕ್ಕೊಂದು ಬೋರ್ಡು ಇದೆ, ಬೋರ್ಡಿನ ಮೇಲೆ ಬೇರೆ ಹೆಸರಿದೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಎಲ್ಲಕ್ಕಿಂತ ಸಹಿಸಲಾಗದ್ದು ಉಗುರಿನ ವಿಷಯ. ಮನೆಯಲ್ಲಿ ಗೌತಮನ ಉಗುರು ತೆಗೆಯಬೇಕೆಂದರೆ ಇಬ್ಬರು ಹಿಡಿದುಕೊಳ್ಳಬೇಕು, ಓಣಿಯೆಲ್ಲ ಕೇಳುವಂತೆ ಚೀರುತ್ತಿದ್ದ. ಅಲ್ಲಿ ಅಮರಗುಂಡಪ್ಪನ ತೊಡೆಯ ಮೇಲೆ ಕೈಯಿಟ್ಟು, ಹತ್ತೂ ಬೆರಳು ಚಾಚಿ ಕೂರುತ್ತಾನೆ.

ಮಗ ಆಡಿದ ಶಬ್ದಕ್ಕೆ ಇನ್ನೊಂದು ಮುಳ್ಳೂ ಇತ್ತು. ಅಂಬಪ್ಪನ ತಂದೆ ದುರುಗಪ್ಪ ಜೀವಮಾನವಿಡೀ ಗೌಡರ ಮನೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತು "ಯಪ್ಪಾ" ಎಂದೇ ಕರೆದವನು. ಒಳಗಿನಿಂದ ಬರುತ್ತಿದ್ದ ಉತ್ತರ "ಯಾಕಲೇ". ಜೊತೆಗೆ ಹೋದ ಅಂಬಪ್ಪನೂ "ಲೇ" ಆಗಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿ ರಾಯಚೂರಿಗೆ ಹೋಗುವವರೆಗೆ ಅವನ ಹೆಸರನ್ನು ಪೂರ್ತಿಯಾಗಿ ಕರೆದದ್ದು ಶಾಲೆಯ ಹಾಜರಿಯೊಂದೇ. ಅದಕ್ಕಾಗಿಯೇ ಮಗ ಹುಟ್ಟಿದ ದಿನ, ಬುದ್ಧನ ಹೆಸರಿಟ್ಟು, ಅವನೊಂದು ಕಟ್ಟಳೆ ಮಾಡಿದ್ದ: ತಾನು ಈ ಕೂಸನ್ನು ಹೆಸರು ಹಿಡಿದೇ ಕರೆಯುತ್ತೇನೆ, ಪೂರ್ತಿ ಹೆಸರು. ಲೇ ಇಲ್ಲ, ಅಪ್ಪಿ ಇಲ್ಲ, ಚಿನ್ನ ಬಂಗಾರ ಇಲ್ಲ. ದಿನವೂ ಮಗನ ಎದುರು ಬಂದೊಡನೆ ಅವನು ಆಡುತ್ತಿದ್ದ ಮೊದಲ ಮಾತು "ಗೌತಮ". ಹಾಗೆ ಏಳು ವರ್ಷ ಕರೆದರೂ ಹುಡುಗ ಆ ಹೆಸರಿಗೆ ತಿರುಗಿ ನೋಡಿದ್ದಿಲ್ಲ. ಕಿವಿ ಕೇಳುವುದಿಲ್ಲವೇನೋ ಎಂದು ರಾಯಚೂರಿಗೆ ಒಯ್ದರು, ಕಿವಿ ಚೆನ್ನಾಗಿತ್ತು. ಹೈದರಾಬಾದಿನ ಡಾಕ್ಟರು ಆಟಿಸಂ ಎಂದರು.

ಭಾನುವಾರ ಅಂಬಪ್ಪ ಮಗನನ್ನು ಎದುರಿಗೆ ಕೂರಿಸಿಕೊಂಡ. ತನ್ನ ಎದೆ ಮುಟ್ಟಿಕೊಂಡು ಹೇಳಿಕೊಟ್ಟ: "ನಾನು ಅಪ್ಪ. ಹೇಳು."

"ನಾನು ಅಪ್ಪ. ಹೇಳು," ಎಂದ ಗೌತಮ, ಅವನದೇ ಗತ್ತಿನಲ್ಲಿ.

ಒಳಗೆ ಬಸ್ಸಮ್ಮ ನಕ್ಕದ್ದು ಕೇಳಿಸಿತು.

ಸೋಮವಾರ ಸ್ಟಾಫ್‌ರೂಮಿನಲ್ಲಿ ತಡೆಯಲಾರದೆ ಚಾಂದ್‌ಪಾಷಾನ ಮುಂದೆ ಬಾಯಿಬಿಟ್ಟ. ಚಾಂದ್‌ಪಾಷಾ ಆಟೋಟದ ಮಾಸ್ತರ. ಗೆಳೆಯ, ಆದರೆ ನಾಲಿಗೆಗೆ ಸೀಟಿಯಷ್ಟೂ ಕಟ್ಟುಪಾಡಿಲ್ಲ.

"ಅಲ್ಲೋ ಅಂಬಪ್ಪ, ಗಿಳಿ ಸಾಕಿದಾವ ನೀನು, ಪೇರಲಹಣ್ಣು ತಂದು ಹಾಕಿದಾವ ನೀನು, ಅದು ಹೆಸರು ಹಿಡಿದು ಕರಿಯೋದು ಮಗ್ಗಲ ಮನಿಯಾವನ್ನ! ವಾರೆವ್ವಾ!"

"ನಗಬ್ಯಾಡ."

"ನಗಲಿಲ್ಲಪ. ಗಿಳಿ ಪಂಜರ ಬದಲ್ ಮಾಡು ಅಂದೆ."

ಆಡಿದವನು ಆಡಿ ಮರೆತ. ಕೇಳಿದವನು ಮರೆಯಲಿಲ್ಲ. ಸಿಂಧನೂರಿನಲ್ಲಿ ಇಂಥದೇ ಶಾಲೆಯೊಂದು ಶುರುವಾಗುತ್ತದೆಂದು ಯಾರೋ ಅಂದದ್ದು ನೆನಪಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಅಂಬಪ್ಪ ಮಗನನ್ನು ಅಲ್ಲಿಂದ ಬಿಡಿಸುವ ಮಾತೆತ್ತಿದ.

ಬಸ್ಸಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಸಿಂಧನೂರಾಗ ಇನ್ನಾ ಗ್ವಾಡಿನೂ ಎದ್ದಿಲ್ಲ. ಇಲ್ಲಿ ಕನ್ನಡ ಸಾಲ್ಯಾಗ ಏನಾತು, ಮರತ್ರೇನು? ಗಂಟಿ ಬಾರ್ಸಿದ್ರ ಕಿವಿ ಮುಚ್ಕಂಡು ಬೆಂಚಿನ ಬುಡಕ ಹೋಗ್ತಿದ್ದ. ವಾರದಾಗ ಕೈಮುಗದು ಕಳಿಸಿದ್ರು. ಅಮರಗುಂಡಪ್ಪನ ಸಾಲ್ಯಾಗ ಗಂಟಿನ ಇಲ್ಲ, ಉಣ್ಣಾಕ ಬರ್ರಿ ಅನ್ನಾಕ ಕೆಂಪು ಅರಿವಿ ತೂಗ ಹಾಕ್ತಾರ. ಹನ್ನೊಂದು ಹುಡುಗರ್ನ ಹನ್ನೊಂದು ನಮೂನಿ ನೋಡ್ತಾರ. ಅಲ್ಲಿಂದ ಬಿಡಿಸಿದ್ರ ಕೂಸು ಮತ್ತ ಮೂಲಿ ಸೇರ್ತೈತಿ. ನಿಮ್ಮ ಹೊಟ್ಟಿಕಿಚ್ಚಿಗೆ ಅವನ್ನ ಸುಡಬ್ಯಾಡ್ರಿ."

"ಹೊಟ್ಟಿಕಿಚ್ಚಲ್ಲ."

"ಮತ್ತೇನದು? ಪ್ರತಿಧ್ವನಿ?"

ಅವಳ ಮಾತು ನಿಜವೆಂದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹಟ ಗಟ್ಟಿಯಾಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಹೆಂಡತಿಗೆ ಹೇಳದೆ, ಅವನು ನೇರವಾಗಿ ಗುರುಗುಂಟಾ ರಸ್ತೆಗೆ ನಡೆದ. ದಾರಿಯಲ್ಲಿ ಆಡಬೇಕಾದ ಮಾತುಗಳನ್ನು ಪಾಠದಂತೆ ಜೋಡಿಸಿಕೊಂಡ.

ಮಕ್ಕಳು ಒಳಗೆ ಚಾಪೆಯ ಮೇಲಿದ್ದರು. ಗೌತಮ ಕಿಟಕಿಯ ಬಳಿ ಬೆನ್ನು ಹಾಕಿ ಕುಳಿತು ಬೀಜ ಜೋಡಿಸುತ್ತಿದ್ದ. ಅಂಬಪ್ಪ ಬಾಗಿಲಲ್ಲೇ ನಿಂತು ವಿಷಯ ಹೇಳಿದ.

ಅಮರಗುಂಡಪ್ಪ ಗಾಬರಿಯಾದ. "ಮಗ ನಿಮ್ಮವ, ಸರ, ನಿಮ್ಮಿಷ್ಟ. ಆದ್ರ ಏನ್ ಕಮ್ಮಿ ಆತು, ಅಷ್ಟರೆ ಹೇಳ್ರಿ."

ಕಡಿಮೆಯಾದದ್ದನ್ನು ಹೇಳುವುದು ಹೇಗೆ? ಅಂಬಪ್ಪ ಇನ್ನೊಂದನ್ನು ಹಿಡಿದ. "ಏಳು ವರ್ಷದಾವ. ತನ್ನ ಹೆಸರು ತನಗ ಗೊತ್ತಿಲ್ಲ. ಗೌತಮ ಅಂದ್ರ ತಿರುಗಿ ನೋಡಂಗಿಲ್ಲ. ವರ್ಷಗಟ್ಲೆ ಏನ್ ಕಲಿಸಿದ್ರಿ ನೀವು?"

ಅಮರಗುಂಡಪ್ಪ ತಲೆ ಕೆರೆದುಕೊಂಡ. "ಅದೊಂದು ನನಗೂ ತಿಳಿವಲ್ದು, ಸರ. ಕರದ್ರ ನೋಡಂಗಿಲ್ಲ, ಖರೆ. ಆದ್ರ ನಿಮ್ಮ ಬಸ್ ತಡ ಆದ ದಿನ, ಸಂಜೀಕ ಎಲ್ಲಾ ಹುಡುಗರು ಹೋದ ಮ್ಯಾಲ, ನೀವು ಬರಾಮಟ, ಗೇಟಿನ ಸರಳು ಹಿಡ್ಕಂಡು ನಿಂತು 'ಗೌತಮ, ಗೌತಮ' ಅಂತಿರ್ತಾನ. ಆಗ ನಾ ಯಾರೋ ಅವ ಯಾರೋ. ಬೆಲ್ಲ ಕೊಟ್ರೂ ಬರಂಗಿಲ್ಲ. ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ನನಗ ಒಮ್ಮೊಮ್ಮೆ ಹೊಟ್ಟಿಕಿಚ್ಚು ಬರ್ತೈತಿ."

"ಯಾರ ಮ್ಯಾಲ?"

"ಆ ಗೌತಮ ಯಾರದಾನೋ, ಅವನ ಮ್ಯಾಲ."

ಆಗ ಅಡುಗೆಯ ಪೀರಮ್ಮ ತಾಟುಗಳ ಗಂಟು ಹೊತ್ತು ಒಳಗೆ ಬಂದಳು. ಗೌತಮ ತಾಟಿನ ಸದ್ದಿಗೆ ತಿರುಗಿ, ಅವಳನ್ನು ನೋಡಿ ಸ್ಪಷ್ಟವಾಗಿ ಹೇಳಿದ: "ಕೈತೊಳಿ."

"ಓ, ಬಂದ್ಯಾ," ಎಂದಳು ಪೀರಮ್ಮ. ಅಂಬಪ್ಪನ ಕಡೆ ತಿರುಗಿ, "ನೋಡ್ರಿ ಮಾಸ್ತರ, ನಿಮ್ಮ ಮಗ ನನಗ ಕೈತೊಳಿ ಅಂತ ಹೆಸರಿಟ್ಟಾನ. ಮದ್ಲು ನಾ ಅವಗ ಅಂತಿದ್ದೆ. ಈಗ ನಾ ಬಾಯಿ ತಗಿಯಾಕಿಲ್ಲ, ಅವನ ಅಂತಾನ. ಪ್ಯಾಟ್ಯಾಗ ಕಂಡ್ರೂ ಕೈತೊಳಿ!"

ಅಂಬಪ್ಪ ಹುಬ್ಬುಗಂಟಿಕ್ಕಿದ. ಪ್ರಯೋಗಶಾಲೆಯಲ್ಲಿ ಬರಬಾರದ ಬಣ್ಣ ಬಂದಾಗ ನೋಡುವಂತೆ ಮಗನನ್ನು ನೋಡಿದ. ಕೈತೊಳಿ. ಮನೆಯಲ್ಲಿ ಉಣ್ಣಬಾ. ಅವರವರು ಅವನಿಗೆ ಮೊದಲು ಹೇಳುವ ಮಾತೇ ಅವರವರ ಹೆಸರು. ಪೆನ್ನು ಎಂದು ಹೇಳಿ ಪೆನ್ನು ಕೈಗಿಟ್ಟರೆ ಅದು ಪೆನ್ನು; ಕೈತೊಳಿ ಎನ್ನುತ್ತ ಬಂದರೆ ಅವಳು ಕೈತೊಳಿ. ಹುಡುಗನ ಲೆಕ್ಕದಲ್ಲಿ ತಪ್ಪೆಲ್ಲಿದೆ?

"ಅಮರಗುಂಡಪ್ಪನವರ," ಎಂದ ಅಂಬಪ್ಪ, "ನೀವು ಅವನ್ನ ಏನಂತ ಕರಿತೀರಿ?"

"ನಾನೇನ್ರಿ? ಯಪ್ಪಾ ಅಂತೀನಿ. 'ಬಾ ಯಪ್ಪಾ, ಕುಂದ್ರು ಯಪ್ಪಾ.' ಹುಡುಗರಿಗೆಲ್ಲ ಯಪ್ಪಾ, ಹುಡಿಗೇರಿಗೆಲ್ಲ ಯವ್ವಾ. ನಮ್ಮ ಕಡಿ ಮಕ್ಕಳನ್ನ ಮತ್ತೇನಂತ..." ಅವನ ಮಾತು ಅಲ್ಲೇ ನಿಂತಿತು. ಅಂಬಪ್ಪನ ಮುಖ ನೋಡಿದ. ಹುಡುಗನ ಕಡೆ ನೋಡಿದ. ಮೆಲ್ಲಗೆ ಹೋಗಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೇಳಿದ: "ಗೌತಮ ಎಲ್ಲಿ? ಗೌತಮ ಎಲ್ಲದಾನ, ತೋರ್ಸು."

ಹುಡುಗ ಕೈಯಲ್ಲಿದ್ದ ಬೀಜವನ್ನು ಸಾಲಿನ ಕೊನೆಗಿಟ್ಟ. ಎದ್ದ. ಚಾಪೆಯ ಅಂಚು ತುಳಿಯದಂತೆ ಸುತ್ತಿಕೊಂಡು ಬಾಗಿಲಿಗೆ ಬಂದ. ಅಂಬಪ್ಪನ ಅಂಗಿಯ ನಡುಗುಂಡಿಯ ಮೇಲೆ ಬೆರಳಿಟ್ಟು ಒತ್ತಿ, "ಗೌತಮ" ಎಂದ.

ಏಳು ವರ್ಷಗಳಲ್ಲಿ ಆ ಹುಡುಗ ಎಷ್ಟು ಸಲ ತನ್ನ ಅಪ್ಪನನ್ನು ಕರೆದಿದ್ದನೋ! ಬಸ್ಸಿಳಿದು ಬಂದಾಗ, ಜಾತ್ರೆಯ ಗದ್ದಲದಲ್ಲಿ, ಜ್ವರದಲ್ಲಿ. ಒಂದು ಸಲವೂ ಅಂಬಪ್ಪ "ಓ" ಎಂದಿರಲಿಲ್ಲ.

ಈಗ ಅಂದ. ಅಷ್ಟು ಸಣ್ಣ ಅಕ್ಷರ ಎರಡು ತುಂಡಾಗಿ ಹೊರಬಂತು. ಗೌತಮ ಗುಂಡಿಯನ್ನು ಇನ್ನೊಮ್ಮೆ ಒತ್ತಿ, ಬೀಜಗಳ ಕಡೆ ಹೋದ.

ಪೀರಮ್ಮ ಒಂದು ಲೋಟ ಚಹಾ ತಂದಿಟ್ಟಳು. ಅಮರಗುಂಡಪ್ಪ ಅದನ್ನು ಅಂಬಪ್ಪನ ಕೈಗೆ ಕೊಟ್ಟು ಹೇಳಿದ: "ಸರ, ನನಗೀಗ ಗೊತ್ತಾತು, ನಿಮಗ ಏನ್ ಕಮ್ಮಿ ಆಗಿತ್ತು ಅಂತ. ಒಂದು ಕೆಲ್ಸ ಮಾಡೂಣು. ಇವತ್ತಿಂದ ನಾ ಹೆಸರು ಹಿಡಿದು ಕರಿತೀನಿ, ನೀವು ಯಪ್ಪಾ ಅನ್ರಿ. ತಿಂಗಳದಾಗ ಅದಲು ಬದಲು ಆಗ್ತೈತಿ. ಅವ ನಿಮಗ ಯಪ್ಪಾ ಅಂತಾನ."

ಅಂಬಪ್ಪ ಲೋಟ ಕೆಳಗಿಟ್ಟ. ಒಂದು ವಾರದಿಂದ ನಿದ್ದೆಗೆಡಿಸಿದ್ದ ಶಬ್ದ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಆದರೆ ಆಗ ಸಂಜೆ ಗೇಟಿನ ಸರಳು ಹಿಡಿದು ಹುಡುಗ "ಗೌತಮ" ಎಂದು ಕರೆಯುವುದು ಯಾರನ್ನು? ಈ ಇಸ್ತ್ರಿಯಿಲ್ಲದ ಅಂಗಿಯವನನ್ನು.

"ಬ್ಯಾಡ್ರಿ," ಎಂದ. ಎಷ್ಟು ಬೇಗ ಅಂದನೆಂದರೆ ಅಮರಗುಂಡಪ್ಪ ಬೆಚ್ಚಿದ. "ಆ ಹೆಸರು ನಂದು. ನೀವು ಯಪ್ಪಾ ಆಗೇ ಇರ್ರಿ."

"ಹಂಗಾದ್ರ ಅವನ ಹೆಸರು ಅವಗ ಹೆಂಗ ಕಲಿಸೋದು?"

"ಕನ್ನಡ್ಯಾಗ ಅವನ ಮುಖ ತೋರ್ಸಿ ಕಲಿಸ್ರಿ. ಒಂದ ಮನ್ಯಾಗ ಒಂದ ಹೆಸರಿನವರು ಇಬ್ಬರು ಇರಂಗಿಲ್ಲೇನು?"

"ಸಾಲಿ?"

"ಯಾವ ಸಾಲಿ?"

"ಬಿಡಿಸ್ತೀನಿ ಅಂದ್ರೆಲ್ಲ."

"ಬಿಸಲಾಗ ಬಂದಿದ್ದೆ. ತಲಿ ಕಾದಿತ್ತು," ಎಂದ ಅಂಬಪ್ಪ.

ಅಲ್ಲಿಗೆ ಹೊಟ್ಟೆಕಿಚ್ಚು ಆರಿತೇ? ಸೋಮವಾರ ಅವನು ಉದ್ದಜಿಗಿತದ ಮೂವತ್ತು ಮೀಟರಿನ ಟೇಪು ಕೇಳಿದಾಗ ಚಾಂದ್‌ಪಾಷಾ, "ಯಾರು ಜಿಗ್ಯಾಕತ್ತಾರಪ?" ಎಂದ. ಅಂಬಪ್ಪ ಟೇಪನ್ನು ಚೀಲಕ್ಕೆ ಹಾಕಿಕೊಂಡ.

ಆ ಸಂಜೆ ಅವನು ಶಾಲೆಯ ಕಟ್ಟೆಯ ಮೇಲೆ ಕುಳಿತು ಅಮರಗುಂಡಪ್ಪನನ್ನು ರಸ್ತೆಯಾಚೆ ಕಳಿಸಿ, ಅಲ್ಲಿಂದ ಸಹಜವಾಗಿ ನಡೆದು ಬರಲು ಹೇಳಿದ. ಗೌತಮ ಗೇಟಿನಲ್ಲಿದ್ದ. ಹುಡುಗ "ಯಪ್ಪಾ" ಎಂದು ಕರೆದಾಗ ತಾನು ಎಲ್ಲಿದ್ದನೋ ಅಲ್ಲೇ ಅಮರಗುಂಡಪ್ಪ ನಿಂತ. ಅಳೆದರೆ ಹದಿನಾರು ಮೀಟರ್. ಮರುದಿನ ಅಂಬಪ್ಪನ ಸರದಿ. ಬಸ್ಸಿಳಿದು, ಜೋಳದ ಚೀಲ ಹೇರಿದ ಬಂಡಿಯ ಹಿಂದಿನಿಂದ ಬಂದ. "ಗೌತಮ" ಎಂಬ ಕೂಗು ಕೇಳಿದಲ್ಲಿ ನಿಂತು, "ಓ" ಎಂದು ಗಟ್ಟಿಯಾಗಿ ಉತ್ತರಿಸಿ, ಕಾಲ ಬುಡದಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಅಮರಗುಂಡಪ್ಪ ನಗುತ್ತ ಗೇಟಿನ ಬಳಿ ಟೇಪಿನ ತುದಿ ಹಿಡಿದು ಕುಳಿತ. ಟೇಪನ್ನು ಎರಡು ಸಲ ಹಾಸಬೇಕಾಯಿತು. ಗೇಟಿನಿಂದ ಗೆರೆಗೆ ಐವತ್ತೊಂದು ಮೀಟರ್, ಇಪ್ಪತ್ತು ಸೆಂಟಿಮೀಟರ್.