ಒಂದೇ ಎಳೆತಕ್ಕೆ ಬಿಚ್ಚುವ ಕೋಟು

ಹೊಲಿಗೆ ಮಿಷಿನ್ನಿನ ಪಕ್ಕ ಒಂದು ಸುತ್ತಿಗೆ ಇತ್ತು. ಅದರ ಮೂತಿಗೆ ಬಟ್ಟೆಯ ಚೂರು ಸುತ್ತಿ ದಾರ ಬಿಗಿದಿದ್ದರು. ನಮ್ಮತ್ತೆಯದು ನಲವತ್ತು ವರ್ಷದಿಂದ ಸೂಜಿ ಹಿಡಿದ ಕೈ. ಸೂಜಿ ಇರುವ ಜಾಗದಲ್ಲಿ ಸುತ್ತಿಗೆಗೇನು ಕೆಲಸ?

"ಅತ್ತೆ, ಇದೇನಿದು?" ಎಂದೆ.

"ಅದಾ? ನಿನ್ನ ಮಾನ ಉಳಿಸಿದ ಸುತ್ತಿಗೆ ಕಣೇ," ಎಂದರು, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ. "ನಿನ್ನ ಬಟನ್‌ಗಳು ಲೊಡಲೊಡ ಅಂತಿದ್ವು. ರಾತ್ರಿ ಊಟ ಆದ್ಮೇಲೆ ಒಂದೊಂದಕ್ಕೆ ಒಂದೊಂದು ಪೆಟ್ಟು ಕೊಟ್ಟೆ. ಈಗ ಟಕ್ ಅಂತ ಕೂರ್ತವೆ. ಆನೆ ಎಳೆದ್ರೂ ಬರಲ್ಲ."

ಗೋಡೆಯ ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು. ಹತ್ತು ಗಂಟೆಗೆ ನನ್ನ ಗಂಡ ಆ ಬಟನ್‌ಗಳಿರುವ ಕೋಟು ತೊಟ್ಟು ಕರಗಿದ ಕಬ್ಬಿಣ ಹೊಯ್ಯುವವರಿದ್ದರು.

ಇದು ಚಳಿಗೆ ಹಾಕುವ ಕೋಟಲ್ಲ. ಎರಕದ ಕಾರ್ಖಾನೆಯವರು ಬೆಂಕಿಯ ಮುಂದೆ ತೊಡುವ ದಪ್ಪ ಬಟ್ಟೆಯ ಕೋಟು. ಕಿಡಿ ಒಳಗೆ ಹೋಗದಂತೆ ಅದು ಮುಚ್ಚಿರಬೇಕು. ಆದರೆ ಹೋದರೆ? ಕಾದ ಕಬ್ಬಿಣದ ಒಂದು ಹನಿ ಕತ್ತುಪಟ್ಟಿಯೊಳಗೆ ಇಳಿದರೆ, ಕೋಟು ಆ ಕ್ಷಣದಲ್ಲೇ ಮೈಯಿಂದ ಕಳಚಿಕೊಳ್ಳಬೇಕು. ಎರಡು ವರ್ಷದ ಕೆಳಗೆ ಅಲ್ಲೇ ಕೆಲಸಕ್ಕಿದ್ದ ಒಬ್ಬರ ಕೋಟು ಕಳಚಿಕೊಳ್ಳಲಿಲ್ಲ. ಎಲ್ಲರೂ ಅವರನ್ನು ಮೀಸೆ ಎನ್ನುತ್ತಾರೆ. ಬಟನ್ ಕೀಳಲು ಅವರು ಒದ್ದಾಡಿದ್ದು ಹತ್ತೇ ಸೆಕೆಂಡು. ಅವರ ಎಡಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಈಗ ಅದೇ ಕಾರ್ಖಾನೆಯ ಗೇಟು ಕಾಯುತ್ತಾರೆ.

ನಾನು ಪ್ರೆಸ್ ಬಟನ್ ಮಾಡುವ ವರ್ಕ್‌ಶಾಪಿನಲ್ಲಿ ಡೈ, ಅಂದರೆ ಬಟನ್ ಒತ್ತುವ ಉಕ್ಕಿನ ಅಚ್ಚು, ಕೊರೆಯುವವಳು. ಪ್ರೆಸ್ ಬಟನ್ ಎಂದರೆ ಏನು ಮಹಾ? ಉಬ್ಬಿದ ತಲೆಯದು ಗಂಡು, ಗುಳಿಯದು ಹೆಣ್ಣು, ಹೆಣ್ಣಿನ ಹೊಟ್ಟೆಯೊಳಗೆ ಒಂದು ಸಣ್ಣ ತಂತಿ. ಆ ತಂತಿ ಗಂಡಿನ ಕತ್ತು ಹಿಡಿದುಕೊಳ್ಳುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಇದರ ಮೇಲೆ ದಿನಕ್ಕೆ ಹತ್ತು ಜೋಕಾದರೂ ಹುಟ್ಟುತ್ತವೆ, ಅವನ್ನು ಇಲ್ಲಿ ಬರೆಯುವಂತಿಲ್ಲ. ಮೀಸೆಯವರಿಗೆ ಹಾಗಾದ ಮೇಲೆ ಆ ತಂತಿ ನನ್ನ ತಲೆಯೊಳಗೆ ಸಿಕ್ಕಿಕೊಂಡಿತು. ನಾಲ್ಕು ತಿಂಗಳು ಕೂತು ತಂತಿಯನ್ನು ಪೂರ್ತಿ ಬಳೆಯಾಗಿಸದೆ ಮೇಲ್ಗಡೆ ಬಾಯಿ ಬಿಟ್ಟು ಬಗ್ಗಿಸಿದೆ. ಬಗ್ಗಿದರೂ ಎದ್ದರೂ, ಅಕ್ಕಪಕ್ಕ ಎಳೆದರೂ ಆ ಬಟನ್ ಬಿಡುವುದಿಲ್ಲ. ಕತ್ತುಪಟ್ಟಿ ಹಿಡಿದು ಮುಂದಕ್ಕೆ ಕಿತ್ತರೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಐದೂ ಬಿಚ್ಚಿಕೊಳ್ಳುತ್ತವೆ. ಒಂದೇ ಎಳೆತ.

ಒಂದೇ ಒಂದು ವಿಚಿತ್ರ. ಹಾಕುವಾಗ ಅದು ಟಕ್ ಎನ್ನುವುದಿಲ್ಲ. ಮೆತ್ತಗೆ ಕೂರುತ್ತದೆ.

ಹೊಲಿಗೆಯವರು ಬಟನ್ನನ್ನು ಕಿವಿಯಿಂದ ನೋಡುತ್ತಾರೆ. ಟಕ್ ಎಂದರೆ ಗಟ್ಟಿ, ಇಲ್ಲದಿದ್ದರೆ ಸವೆದದ್ದು. ಸವೆದದ್ದಕ್ಕೆ ಅವರ ಮದ್ದೂ ಒಂದೇ. ಗಂಡಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ಒಂದು ಪೆಟ್ಟು. ತಲೆ ಅಣಬೆಯ ಹಾಗೆ ಅಗಲವಾಗುತ್ತದೆ, ಬಟನ್ ಬಿಗಿಯಾಗುತ್ತದೆ. ಕಾರ್ಖಾನೆಯವರು ಪ್ರಯೋಗಕ್ಕೆಂದು ಒಪ್ಪಿದ್ದ ಆ ಒಂದು ಕೋಟನ್ನು ಹೊಲಿಯುವಾಗ ಅತ್ತೆ ಎರಡು ಸಲ ನನ್ನ ಹತ್ತಿರ ಬಂದು, "ಇದೇನೇ, ಸದ್ದೇ ಇಲ್ಲ?" ಎಂದು ಕೇಳಿದ್ದರು. ನಾನು ತಲೆಯೆತ್ತದೆ, "ಅದೆಲ್ಲ ನಿಮಗೆ ತಿಳಿಯಲ್ಲ ಬಿಡಿ ಅತ್ತೆ," ಎಂದಿದ್ದೆ.

ಅತ್ತೆ ಬಿಡಲಿಲ್ಲ. ಮಗನ ಎದೆಗೆ ಕಿಡಿ ತಾಗಬಾರದು ಎಂದು ಐದು ಪೆಟ್ಟು ಕೊಟ್ಟಿದ್ದರು.

"ಅತ್ತೆ, ಅದು ಬಿಚ್ಚಬೇಕಾದ ಬಟನ್ನು," ಎಂದೆ. "ಬೆಂಕಿ ಒಳಗೆ ಬಿದ್ರೆ ಕೋಟು ಕಿತ್ತು ಹಾಕ್ಬೇಕು. ಅದಕ್ಕೇ ಹಾಗೆ ಮಾಡಿದ್ದು."

ಅತ್ತೆಯ ಕೈ ಮಿಷಿನ್ನಿನ ಚಕ್ರದ ಮೇಲೆ ನಿಂತಿತು. ನನ್ನ ಮುಖ ನೋಡಿದರು, ಸುತ್ತಿಗೆ ನೋಡಿದರು. ಎದ್ದು ಚಪ್ಪಲಿ ಮೆಟ್ಟಿದರು.

ಫೋನು ಮಾಡಿದೆ. ಸುಮ್ಮನೆ ರಿಂಗಾಯಿತು. ಎರಕದ ದಿನ ಎಲ್ಲರ ಫೋನೂ ಲಾಕರಿನಲ್ಲಿರುತ್ತದೆ. ಸೂಪರ್‌ವೈಸರಿಗೆ ಮಾಡಿದೆ, ಅದೂ ಅಷ್ಟೇ. ಸ್ಕೂಟರ್ ತೆಗೆದೆ. ನಾನು ಓಡಿಸಿದರೆ ಪ್ರಾಣ ಕೈಯಲ್ಲಿ ಹಿಡಿದು ಕೂರಬೇಕು ಎಂದು ಹೀಯಾಳಿಸುವ ಅತ್ತೆ ಅವತ್ತು ತುಟಿ ಬಿಚ್ಚದೆ ಹಿಂದೆ ಹತ್ತಿದರು. ಅವರ ಹತ್ತೂ ಬೆರಳು ನನ್ನ ಸೊಂಟದಲ್ಲಿ ಊರಿದ್ದವು. ಸೇತುವೆಯ ಹತ್ತಿರ ಒಂದು ಲಾರಿ ಅಡ್ಡ ನಿಂತು ಹಿಂದಕ್ಕೆ ಬರುತ್ತಿತ್ತು. ಅದು ಒಂದೊಂದು ಅಂಗುಲ ಸರಿಯುವುದನ್ನು ನೋಡುತ್ತಾ ನಿಂತಾಗ ಆ ಡ್ರೈವರಿನ ಏಳು ತಲೆಮಾರನ್ನೂ ಮನಸ್ಸಿನಲ್ಲೇ ಬೈದೆ.

"ನೀನು ಒಂದು ಮಾತು ಹೇಳ್ಬಾರದಿತ್ತೇನೇ?" ಎಂದರು ಅತ್ತೆ, ನನ್ನ ಬೆನ್ನಿಗೆ.

ನಾನು ಹಾರ್ನ್ ಒತ್ತಿದೆ.

ಗೇಟಿಗೆ ಮುಟ್ಟಿದಾಗ ಹತ್ತಕ್ಕೆ ಒಂದೇ ನಿಮಿಷ. ಎರಕದ ಹೊತ್ತಿಗೆ ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಕೆಂಪಕ್ಷರದ ಬೋರ್ಡು. ಮೀಸೆಯವರು ಕಿಟಕಿಯಿಂದ ಇಣುಕಿ, "ಏನಮ್ಮಾ, ಹನ್ನೊಂದಕ್ಕೆ ಬರೋದಿತ್ತಲ್ಲ?" ಎಂದರು.

"ಅಣ್ಣಾ, ಕೋಟು ಬಿಚ್ಚಲ್ಲ."

ಬೇರೆ ಯಾರಾದರೂ ಆಗಿದ್ದರೆ ಯಾವ ಕೋಟು, ಯಾಕೆ, ಯಾರ ಅಪ್ಪಣೆ ಎಂದು ಕೇಳುತ್ತಿದ್ದರು. ಮೀಸೆಯವರು ಬಲಗೈಯಲ್ಲಿ ಗೇಟು ತಳ್ಳಿ, ಮೊಳೆಗೆ ನೇತುಹಾಕಿದ್ದ ಎರಡು ಹೆಲ್ಮೆಟ್ ನಮ್ಮ ಕೈಗೆ ತುರುಕಿ, ನಮಗಿಂತ ಮುಂದೆ ಓಡಿದರು.

ಆದರೂ ತಡವಾಗಿತ್ತು. ಶೆಡ್ಡಿನ ಬಾಗಿಲಲ್ಲಿ ಬಿಸಿ ಮುಖಕ್ಕೆ ಬಡಿಯಿತು. ನೆಲದ ಮೇಲೆ ಮರಳಿನ ಅಚ್ಚುಗಳು ಸಾಲಾಗಿ ಕೂತಿದ್ದವು, ಹದಿನಾಲ್ಕು. ನಮ್ಮವರೂ ಇನ್ನೊಬ್ಬರೂ ಉದ್ದ ಹಿಡಿಯ ಎರಕದ ಸೌಟನ್ನು ಎತ್ತಿ ಮೊದಲ ಅಚ್ಚಿನ ಮೇಲೆ ಆಗಲೇ ಬಗ್ಗಿಸಿದ್ದರು. ಕಬ್ಬಿಣ ಹಾಲು ಹೊಯ್ದಷ್ಟು ನೀಟಾಗಿ ಇಳಿಯುತ್ತಿತ್ತು.

ನಾನು ಬಾಯಿ ತೆರೆದೆ. ಮೀಸೆಯವರು ನನ್ನ ತೋಳು ಹಿಡಿದು ಹಳದಿ ಗೆರೆಯ ಈಚೆಗೆ ಎಳೆದರು.

"ಕೂಗ್ಬೇಡ. ತಲೆ ತಿರುಗಿಸಿದ್ರೆ ಸೌಟು ತಿರುಗುತ್ತೆ. ಇಬ್ಬರ ಕಾಲ ಮೇಲೂ ಬೀಳುತ್ತೆ."

"ನಿಲ್ಲಿಸೋಕೆ ಆಗಲ್ವಾ?"

"ಎತ್ತಿದ ಮೇಲೆ ಆಗಲ್ಲ. ಮುಗೀಬೇಕು."

ಹಾಗಾಗಿ ನಿಂತೆವು. ಗಂಡ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆಂಕಿ ಹಿಡಿದು ನಿಂತಿದ್ದಾರೆ, ಅವರ ಎದೆಯ ಮೇಲೆ ನಾನು ಮಾಡಿದ ಐದು ಬೀಗ, ನಾನು ಮಾತ್ರ ಗೊಂಬೆಯ ಹಾಗೆ ನಿಂತು ನೋಡಬೇಕು. ಎರಡು. ಮೂರು. ಒಂದು ಅಚ್ಚಿನಿಂದ ಇನ್ನೊಂದಕ್ಕೆ ಅವರು ಪಕ್ಕಕ್ಕೆ ಸರಿಯುವಾಗಲೆಲ್ಲ ಕೋಟಿನ ಮುಂಭಾಗ ಹಲಗೆಯಂತೆ ಬಿಗಿಯಾಗಿ ನಿಲ್ಲುತ್ತಿತ್ತು. ಅದನ್ನು ನೋಡಿದರೆ ಎಂಥ ಅಚ್ಚುಕಟ್ಟು ಎಂದು ಯಾರಾದರೂ ಮೆಚ್ಚಬೇಕು. ಐದು. ಆರು. ಅತ್ತೆ ತಮ್ಮ ಕೈಚೀಲದ ಹಿಡಿಯನ್ನು ತಿರುಚಿ ತಿರುಚಿ ಅದರ ಹೊಲಿಗೆ ಬಿಟ್ಟುಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಒಂಬತ್ತನೆಯ ಅಚ್ಚು ಉಗುಳಿತು. ಮರಳಿನಲ್ಲಿ ಎಲ್ಲೋ ತೇವ ಉಳಿದಿತ್ತೇನೋ, ಪಟ್ ಎಂದು ಒಂದು ಹಿಡಿ ಕೆಂಡದ ಹನಿಗಳು ಮೇಲಕ್ಕೆ ಚಿಮ್ಮಿದವು. ಹೆಚ್ಚಿನವು ಕೋಟಿನ ಮೇಲೆ ಬಿದ್ದು ಉರುಳಿದವು. ಒಂದು ಮಾತ್ರ ಕತ್ತುಪಟ್ಟಿಯ ಮಡಿಕೆಯಲ್ಲಿ ನಿಂತು ಹೊಳೆಯಿತು. ಅಲ್ಲಿಂದ ಹೊಗೆ ಎದ್ದಿತು. ನಮ್ಮವರ ಎಡಗೈ ಸೌಟಿನ ಹಿಡಿ ಬಿಟ್ಟು ಮೇಲೆ ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದದ್ದು ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಕಲೆ ಮೂರು ದಿನ ಇತ್ತು.

ಅವರು ಕೋಟು ಎಳೆಯಲಿಲ್ಲ. ಕತ್ತನ್ನು ಒಂದು ಕಡೆಗೆ ವಾಲಿಸಿ, ಬೆರಳಿನಿಂದ ಮಡಿಕೆಯನ್ನು ಝಾಡಿಸಿದರು. ಒಂದು ಸಲ. ಎರಡು ಸಲ. ಕಿಡಿ ನೆಲಕ್ಕೆ ಬಿತ್ತು. ಕೈ ಮತ್ತೆ ಹಿಡಿಗೆ ಹೋಯಿತು. ಹತ್ತು.

ಯಾಕೆ ಎಳೆಯಲಿಲ್ಲ? ಹೊಗೆ ಬಂದ ಕೂಡಲೇ ಎಳೆಯಬೇಕು ಎಂದು ನಾನೇ ಅಡುಗೆಮನೆಯಲ್ಲಿ ನಿಲ್ಲಿಸಿ ಅವರಿಗೆ ನೂರು ಸಲ ಅಭ್ಯಾಸ ಮಾಡಿಸಿದ್ದೆ. ಕೈ ತಾನಾಗಿ ಹೋಗಬೇಕಿತ್ತು. ಉಳಿದ ನಾಲ್ಕು ಅಚ್ಚು ತುಂಬುವವರೆಗೂ ಅದೊಂದೇ ಪ್ರಶ್ನೆ ನನ್ನನ್ನು ಕೊರೆಯಿತು.

ಸೌಟು ಕೆಳಗಿಟ್ಟು, ಮುಖದ ಕವಚ ಎತ್ತಿ, ನಮ್ಮವರು ಹಳದಿ ಗೆರೆ ದಾಟಿ ಬಂದರು. ನಮ್ಮನ್ನು ಕಂಡು ಬೆವರಿನಲ್ಲೇ ನಕ್ಕರು. "ಏನಿದು, ಅತ್ತೆ ಸೊಸೆ ಜೋಡಿ? ಹೊರಗೆ ಸೂರ್ಯ ಯಾವ ಕಡೆ ಹುಟ್ಟಿದ್ದಾನೆ?"

ಅತ್ತೆ ಎರಡು ಕೈಯಲ್ಲೂ ಮಗನ ಕತ್ತುಪಟ್ಟಿ ಹಿಡಿದು ಎಳೆದರು. ಬಟನ್ ಬಿಡಲಿಲ್ಲ. ಮತ್ತೆ ಎಳೆದರು. ಮಗನೇ ಒಂದು ಹೆಜ್ಜೆ ಮುಂದೆ ಬಂದರೇ ಹೊರತು ಬಟನ್ ಬರಲಿಲ್ಲ. ಮೂರನೆಯ ಸಲ ಮೈಯ ಭಾರವನ್ನೆಲ್ಲ ಹಾಕಿ ಅದಕ್ಕೆ ಜೋತುಬಿದ್ದರು. ಅರವತ್ತೈದು ವರ್ಷದ ಹೆಂಗಸು, ತಾನೇ ಹೊಲಿದ ಕೋಟಿಗೆ ನೇತಾಡುತ್ತಾ ಅಳುತ್ತಿದ್ದರು.

"ಅಮ್ಮಾ, ಬಿಡು. ಬರಲ್ಲ ಅದು," ಎಂದರು ನಮ್ಮವರು ಮೆಲ್ಲಗೆ. ನನ್ನ ಕಡೆ ನೋಡಲಿಲ್ಲ. "ಬೆಳಿಗ್ಗೇನೂ ಬರ್ಲಿಲ್ಲ."

"ಬೆಳಿಗ್ಗೆ ಎಳೆದು ನೋಡಿದ್ರಾ?" ಎಂದೆ.

"ನೋಡ್ದೆ. ಆಮೇಲೆ ಹೆಬ್ಬೆರಳು ಹಾಕಿ ಒಂದೊಂದೇ ಕಿತ್ತೆ."

"ಗೊತ್ತಿದ್ದೂ ಹಾಕ್ಕೊಂಡ್ರಾ?"

"ಇನ್ನೇನ್ ಮಾಡ್ಲಿ? ನಾಲ್ಕು ತಿಂಗಳು ನೀನು ನಿದ್ದೆ ಮಾಡಿಲ್ಲ. ಎಲ್ಲರ ಮುಂದೆ ನಿನ್ನ ಬಟನ್ ಫೇಲು ಅಂತ ನಾನೇ ಹೇಳ್ಲಾ? ಒಂದು ಸಲ ಹೊಯ್ದು ಬಂದು, ಆಮೇಲೆ ಮನೇಲಿ ಮೆತ್ತಗೆ ಹೇಳೋಣ ಅಂದ್ಕೊಂಡೆ."

ನನಗೆ ಬಂದ ಸಿಟ್ಟಿಗೆ ಅವರ ಎದೆಗೆ ಎರಡು ಗುದ್ದು ಗುದ್ದಿದೆ. ಸುತ್ತ ಜನರಿದ್ದರು, ನೋಡಲಿ ಎನಿಸಿತು. ಅಮ್ಮನಿಗೆ ಮಗನ ಮೇಲೆ ಪ್ರೀತಿ, ಮಗನಿಗೆ ಹೆಂಡತಿಯ ಮೇಲೆ ಪ್ರೀತಿ, ಹೆಂಡತಿಗೆ ತನ್ನ ಬುದ್ಧಿಯ ಮೇಲೆ ಪ್ರೀತಿ. ಮೂವರೂ ಸೇರಿ ಒಬ್ಬನನ್ನು ಸುಡುವುದರಲ್ಲಿದ್ದೆವು.

ಸೂಪರ್‌ವೈಸರ್ ಒಂದು ಕಾಗದ ಹಿಡಿದು ಬಂದರು. ಪ್ರಯೋಗದ ಫಾರಂ. ಎರಕಕ್ಕೆ ಮುಂಚೆ ಕೋಟು ಒಂದೇ ಎಳೆತಕ್ಕೆ ಬಿಚ್ಚಿತೇ? ಅದರ ಮುಂದೆ ನಮ್ಮವರ ದುಂಡಗಿನ ಅಕ್ಷರದಲ್ಲಿ "ಹೌದು" ಎಂದಿತ್ತು, ಕೆಳಗೆ ಸಹಿ.

"ಎರಕ ಆದ್ಮೇಲಿನ ಪ್ರಶ್ನೆಗೂ ಹೌದು ಅಂತ್ಲೇ ಬರ್ಕೊಳ್ಳಲಾ?" ಎಂದರು ಸೂಪರ್‌ವೈಸರ್. "ಮುಂದಿನ ವಾರದಿಂದ ಎಲ್ಲರಿಗೂ ಇದೇ ಕೋಟು."

ನಮ್ಮವರು ನನ್ನನ್ನು ನೋಡಿದರು. ಬೇಕಾದರೆ ಹೌದು ಅಂದುಬಿಡು ಎಂಬಂತಿತ್ತು ಆ ನೋಟ. ಪೂರ್ತಿ ಸುಳ್ಳೂ ಅಲ್ಲ. ಸುತ್ತಿಗೆ ಬೀಳದಿದ್ದರೆ ನನ್ನ ಬಟನ್ ಒಳ್ಳೆಯದೇ. ಒಂದು ಕ್ಷಣ, ಒಂದೇ ಕ್ಷಣ, ನನಗೂ ಆಸೆಯಾಯಿತು. ಆಮೇಲೆ ಪೆನ್ನು ಕಿತ್ತುಕೊಂಡು ನಮ್ಮವರ "ಹೌದು" ಹೊಡೆದುಹಾಕಿ, ಎರಡು ಕಡೆಯೂ "ಇಲ್ಲ" ಎಂದು ಬರೆದೆ.

"ಇಲ್ಲ ಅಂದ್ರೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ," ಎಂದರು ಸೂಪರ್‌ವೈಸರ್. "ಆರು ತಿಂಗಳು."

"ಆಗಲಿ."

"ಅದರ ಕೆಳಗೆ ನನ್ನ ಹೆಸರೂ ಬರೀರಿ," ಎಂದರು ಅತ್ತೆ, ಕಣ್ಣೊರೆಸಿಕೊಂಡು. "ಸುತ್ತಿಗೆ ಹಿಡಿದೋಳು ನಾನು." ಹರಿದ ಕೈಚೀಲದಿಂದ ಕತ್ತರಿ ತೆಗೆದು, ಮಗನ ಎದೆಯ ಮೇಲಿನ ಐದು ಬಟನ್ನನ್ನೂ ಬಟ್ಟೆಯ ಸಮೇತ ಕತ್ತರಿಸಿ ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು.

ಮೀಸೆಯವರು ಅಷ್ಟು ಹೊತ್ತೂ ನಮ್ಮವರ ಹಿಂದೆ ನಿಂತಿದ್ದರು. ಈಗ ಬಗ್ಗಿ ಆ ಫಾರಮ್ಮನ್ನು, ಹೊಡೆದುಹಾಕಿದ ಆ ಅಕ್ಷರವನ್ನು, ಬಹಳ ಹೊತ್ತು ನೋಡಿದರು. ಬಲಗೈಯನ್ನು ನಮ್ಮವರ ಹೆಗಲ ಮೇಲಿಟ್ಟರು.

"ನಾನೂ ಅವತ್ತು ಬೆಳಿಗ್ಗೆ ಕೋಟು ಎಳೆದು ನೋಡ್ದೇನೇ, ಚೆಕ್ಕಿಂಗ್ ಪುಸ್ತಕದಲ್ಲಿ ಹೌದು ಅಂತಲೇ ಬರ್ದಿದ್ದೆ ಕಣಪ್ಪ," ಎಂದರು. "ಲೇಟಾಗ್ತಿತ್ತು, ನನ್ನಿಂದ ಯಾಕೆ ಎಲ್ಲರೂ ಕಾಯ್ಬೇಕು ಅಂತ."

ಅಚ್ಚುಗಳಲ್ಲಿ ಕಬ್ಬಿಣ ಕೆಂಪಿನಿಂದ ಕಪ್ಪಿಗೆ ತಿರುಗುತ್ತಿತ್ತು.

ಸಂಜೆ ಹೊಲಿಗೆ ಮಿಷಿನ್ನಿನ ಪಕ್ಕ ಸ್ಟೂಲು ಎಳೆದು ಕೂತೆ. ಹೊಸ ಬಟನ್ನೊಂದನ್ನು ಅತ್ತೆಯ ಅಂಗೈಯಲ್ಲಿಟ್ಟು, ತಂತಿ ಎಲ್ಲಿ ಬಾಯಿ ಬಿಟ್ಟಿದೆ, ಯಾವ ಕಡೆ ಹಿಡಿಯುತ್ತದೆ, ಯಾವ ಕಡೆ ಬಿಡುತ್ತದೆ, ಸದ್ದು ಯಾಕೆ ಬರುವುದಿಲ್ಲ, ಎಲ್ಲವನ್ನೂ ತೋರಿಸಿದೆ. ಐದು ನಿಮಿಷ ಹಿಡಿಯಿತು. ಅತ್ತೆ ಕನ್ನಡಕ ಏರಿಸಿ ನೋಡಿದರು, ಅಕ್ಕಪಕ್ಕ ಎಳೆದರು, ಆಮೇಲೆ ಮೇಲಿನಿಂದ ಒಮ್ಮೆ ಎಳೆದರು. ಬಟನ್ ಸದ್ದಿಲ್ಲದೆ ಬಿಚ್ಚಿಕೊಂಡಿತು.

"ಇಷ್ಟೇನಾ?" ಎಂದರು. "ಇಷ್ಟನ್ನ ಅವತ್ತೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಏನೂ ಹೋಗ್ತಿರ್ಲಿಲ್ಲ, ಅತ್ತೆ," ಎಂದೆ.